ಖಾಲಿ ಮೊಳೆ

ಮಂಡಳಿಗೆ ಎಪ್ಪತ್ತೈದು ತುಂಬುತ್ತದಂತೆ.
ಸ್ಮರಣ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಅಂದರು,
ತಲೆಬರಹ ಅವರದೇ: ‘ನಮ್ಮ ಗಣ್ಯ ಸದಸ್ಯೆಯರು’.
ನಾನು ಸದಸ್ಯೆಯಲ್ಲ.
ಅಡಿಗೆ ಸುಬ್ಬಕ್ಕನ ಮಗಳು, ಎಸ್ಸೆಲ್ಸಿ ಎರಡು ಸಲ ಕಟ್ಟಿದವಳು,
ಆಮೇಲೆ ಮೂವತ್ತೊಂಬತ್ತು ವರ್ಷ ಇದೇ ಹಾಸ್ಟೆಲಿನ ಗುಮಾಸ್ತೆ.
ರಿಜಿಸ್ಟರು ನನ್ನ ಟ್ರಂಕಿನಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ದುರ್ಗಿಗುಡಿಯ ಬಾಡಿಗೆ ಮನೆ, ಮಹಡಿಯಲ್ಲಿ ಹನ್ನೊಂದು ಹುಡುಗಿಯರು,
ಐವತ್ತೊಂದನೇ ಇಸವಿ, ಚಂದಾ ತಿಂಗಳಿಗೆ ನಾಕಾಣೆ.
‘ವಿದ್ಯಾರ್ಥಿನಿ ಸೋದರಿ ಮಂಡಳಿ’ ಅಂತ ನೀಲಿ ಶಾಯಿಯಲ್ಲಿ.
ಕೊನೆಯ ಅಕ್ಷರದ ಬಾಲ ಹಾಳೆಯ ಅಂಚಿನವರೆಗೂ ಹೋಗಿದೆ,
ಬರೆದವಳಿಗೆ ಅಷ್ಟು ಖುಷಿ.
ನಿಯಮ ಒಂದು: ಭಾನುವಾರ ಯಾರೂ ಒಬ್ಬಳೇ ಉಣ್ಣತಕ್ಕದ್ದಲ್ಲ.
ನಿಯಮ ಎರಡು: ಕಾಗದ ಬಾರದವಳಿಗೆ
ಬಂದವಳು ತನ್ನದನ್ನು ಓದಿ ಹೇಳತಕ್ಕದ್ದು.
ಮೂರನೆಯದನ್ನು ಯಾರೋ ಹೊಡೆದುಹಾಕಿದ್ದಾರೆ,
ಬೆಳಕಿಗೆ ಹಿಡಿದರೂ ಕಾಣದು.

ಹೊಸಬಳು ಬಂದ ರಾತ್ರಿ
ಎಲ್ಲರ ಪೆಟ್ಟಿಗೆಯಿಂದಲೂ ಒಂದೊಂದು ಚೂರು, ಒಂದೇ ತಟ್ಟೆಗೆ.
ಕಣ್ಣು ಕಟ್ಟಿ ತಿನ್ನಿಸುತ್ತಿದ್ದರು:
ಯಾವ ಕೋಡುಬಳೆ ಸೊರಬದ್ದು, ಯಾವ ಹಪ್ಪಳ ತೀರ್ಥಹಳ್ಳಿಯದು, ಹೇಳು!
ತಪ್ಪಿದರೆ ಒಂದು ವಾರ ಬಾವಿಯಿಂದ ನೀರು.
ತಪ್ಪದವರು ಯಾರೂ ಇಲ್ಲ.

ಗಣ್ಯರು ಇದ್ದಾರೆ, ಇಲ್ಲವೆಂದಲ್ಲ.
ಸಾಗರದ ಫಿಲೋಮಿನಾ ಲೋಬೋ, ಹೆರಿಗೆ ಡಾಕ್ಟರು,
ಅರ್ಧ ತಾಲ್ಲೂಕು ಮೊದಲು ಅತ್ತದ್ದು ಅವರ ಕೈಯಲ್ಲಿ.
ಭದ್ರಾವತಿಯ ಖೈರುನ್ನೀಸಾ ಜಡ್ಜಾದರು;
ತುಪ್ಪದ ಮಿಳ್ಳೆಗೆ ಜಗಳವಾದಾಗಲೇ
ಎರಡೂ ಕಡೆಯವರನ್ನು ಕೂರಿಸಿ ಕೇಳುತ್ತಿದ್ದರಂತೆ.
ಶಿಕಾರಿಪುರದ ಚೆನ್ನವೀರಮ್ಮ ಎಲೆಕ್ಷನ್ ಗೆದ್ದು ಜೀಪಿನಲ್ಲಿ ಬಂದು
ಅಮ್ಮನ ಹತ್ತಿರ ಹುಳಿಯನ್ನ ಕೇಳಿ, ನಿಂತೇ ತಿಂದು ಹೋದರು.
ಮೂವರ ಫೋಟೋನೂ ಸಿಕ್ಕಿತು. ಕಮಿಟಿಗೆ ಇಷ್ಟು ಸಾಕು.

ಆದರೆ ಗೋಡೆಯ ಮೇಲಿನ ಗ್ರೂಪ್ ಫೋಟೋಗಳನ್ನು ಎಣಿಸುತ್ತ ಬಂದ ಅಧ್ಯಕ್ಷೆ
ಒಂದು ಕಡೆ ನಿಂತರು:
ಅರವತ್ತನಾಲ್ಕರದು ಎಲ್ಲಿ?

ಅಲ್ಲಿ ಮೊಳೆ ಮಾತ್ರ ಇದೆ.

ಹುಚ್ಚಮ್ಮ, ಸೀನಿಯರ್ ಇಂಟರು. ಊರು: ಬಿಳಲುಮನೆ.
ಮೊದಲಿನ ಮೂರು ಕೂಸು ಉಳಿಯಲಿಲ್ಲವೆಂದು,
ಇದಾದರೂ ಯಮನಿಗೆ ಬೇಡವಾಗಲೆಂದು ಇಟ್ಟ ಹೆಸರು.
ಉಷಾ ಅಂತ ಬರೆಸಿಕೊಳ್ಳೇ ಅಂದರೆ
‘ಓಗೊಡೋಳು ನಾನಲ್ದಾ? ಇದೇ ಇರ್ಲಿ’ ಅಂದಳಂತೆ.
ಆ ವರ್ಷ ಲಿಂಗನಮಕ್ಕಿಯ ನೀರು ಹಿಂದುಹಿಂದಕ್ಕೆ ಹತ್ತಿ ಬಂತು,
ಹೊಳೆ ತನ್ನ ದಾರಿ ಮರೆತ ಹಾಗೆ.

ಖರ್ಚಿನ ಪುಟದಲ್ಲಿ ‘ಗ್ರೂಪ್ ಫೋಟೋ ಬಾಬ್ತು ನಲವತ್ತೆರಡು ರೂಪಾಯಿ’,
ಅದರ ಮೇಲೆ ಒಂದು ಗೆರೆ.
ಕೆಳಗೆ: ‘ಲಾರಿ ಬಾಡಿಗೆ ನಲವತ್ತೆರಡು ರೂಪಾಯಿ’.
ವಾರ್ಡನ್ನರಿಗೆ ಹೇಳದೆ ಮೂರು ಹುಡುಗಿಯರು ರಾತ್ರಿ ಲಾರಿ ಹತ್ತಿ ಹೋಗಿ
ಮಾರನೇ ಸಂಜೆ ಬಂದರು. ನಾನಾಗ ಒಂಬತ್ತು ವರ್ಷದವಳು,
ಹುರುಳಿಕಾಯಿ ಬಿಡಿಸುತ್ತ ನೋಡಿದೆ:
ಕಿತ್ತು ತಂದ ಎರಡು ಬಾಗಿಲು, ಭತ್ತದ ಮೂಟೆಗಳು, ಒಂದು ತೊಟ್ಟಿಲು,
ಅದರೊಳಗೆ ಕುಕ್ಕರುಗಾಲಲ್ಲಿ ಕೂತ ಕುರುಡು ಅಜ್ಜಿ,
ಒಂದು ಒರಳು.
ತಲಾ ಎರಡು ರೂಪಾಯಿ ದಂಡ. ರಸೀತಿ ಅಂಟಿಸಿದ್ದಾರೆ,
ಪ್ರಶಸ್ತಿ ಪತ್ರದ ಹಾಗೆ.

ಅವಳ ಹೆಸರಿನ ಮುಂದೆ ಊರಿನ ಕಾಲಮ್ಮಿನಲ್ಲಿ
ಬಿಳಲುಮನೆ ಹೊಡೆದು ‘ಮುಳುಗಡೆ’ ಅಂತಿದೆ.
ಅದರ ಕೆಳಗೆ ಇನ್ಯಾರದೋ ಕೈಬರಹ: ‘ಇಲ್ಲಿಗೇ ಬರೆಯಿರಿ’.
ಹದಿಮೂರು ವರ್ಷ ಪರಿಹಾರದ ಕಾಗದಗಳು ಇಲ್ಲಿಗೇ ಬಂದವು.
ಕೊನೆಯ ಎರಡಕ್ಕೆ ಸಹಿ ಹಾಕಿ ತೆಗೆದುಕೊಂಡವಳು ನಾನು.

ಏನಾದಳು ಅಂದರೆ, ಬಿ.ಎ. ಮುಗಿಸಲಿಲ್ಲ.
ಕಾಡು ಕಡಿದು ಕೊಟ್ಟ ಜಾಗದಲ್ಲಿ ಬಿದಿರು ತಡಿಕೆಯ ಶಾಲೆಗೆ ಮೇಷ್ಟ್ರಾದಳು,
ಸಂಬಳ ಯಾರು ಕೊಟ್ಟರೋ ಗೊತ್ತಿಲ್ಲ.
ಒರಳು ಭಾರವೆಂದು ಇಲ್ಲೇ ಉಳಿಯಿತು.
ಜಡ್ಜು ಮೊದಲ ಸಲ ಚಟ್ನಿ ಅರೆದದ್ದು ಅದರಲ್ಲೇ, ಉಪ್ಪು ಮರೆತು.
ಈಗ ವಾಚ್‌ಮನ್ ಅದರಲ್ಲಿ ನಾಯಿಗೆ ನೀರಿಡುತ್ತಾನೆ.

ಇದನ್ನೆಲ್ಲ ಬರೆದುಕೊಟ್ಟೆ.
ಜಾಗ ಸಾಲದು, ಫೋಟೋ ಇಲ್ಲದ ಹೆಸರು ಬೇಡ ಅಂದರು.
ಇರಲಿ.
ಸುಣ್ಣ ಬಳಿಯಲು ಬಂದವರು ಪ್ರತಿ ಸಲ ಕೇಳುತ್ತಾರೆ,
ಅಮ್ಮಾ, ಈ ಮೊಳೆ ಕಿತ್ತುಬಿಡಲಾ ಅಂತ.
ಬೇಡಪ್ಪ, ಸುತ್ತ ಬಳಿ
ಅನ್ನುತ್ತೇನೆ.