ಹೂವಿನ ಬೆನ್ನು

ಮೂಲೆಗೊಂದು ಖಾಲಿ ವೈನ್ ಬಾಟಲಿ ಇಟ್ಟು
ನಕ್ಷೆ ಹಾಸಿದ್ದಾಳೆ ಮಗ್ರೀಟಾ.
ಬಳ್ಳಿ ಸವರಿ ಮುಗಿಯಿತು, ಕತ್ತರಿಗೆ ಎಣ್ಣೆಯೂ ಆಯಿತು;
ಭಾನುವಾರ ಹೊರಡೋಣ, ಮೋಡ ಬಿಟ್ಟರೆ.

"ಹತ್ತೂವರೆಗೆ ಮುಂಚೆ ಹೋಗಿ ಏನು ಮಾಡ್ತಿ?
ಬಿಸಿಲು ಚುರುಕಾಗದೆ ಡೇಸಿ ಕಣ್ಣು ಬಿಡೋಲ್ಲ.
ನಮ್ಮ ಸೂರ್ಯ ಬಡಗಣದವನು:
ಮೊದಲು ಡಾಂಬರು ಹಿಡಿದು ಬಿಟರ್‌ಫೊಂಟೇನ್ ತನಕ ಓಡು,
ಆಮೇಲೆ ಮಣ್ಣುದಾರೀಲಿ ನಿಧಾನ ತೆಂಕಲಿಗೆ ಇಳಿ.
ಬಯಲಿಗೆ ಬಯಲೇ ನಿನ್ನತ್ತ ಮುಖ ಮಾಡುತ್ತೆ."

ನಾನು ಪೆನ್ಸಿಲ್ ಕೆಳಗಿಟ್ಟೆ.

ಆಂಡ್ರೀಸ್ ಇದ್ದಾಗ, ಇಪ್ಪತ್ತು ವಸಂತ,
ಮಣ್ಣುದಾರಿ ಹಿಡಿದೇ ಹೋಗುತ್ತಿದ್ದೆವು, ಬಡಗಲಿಗೆ.
ಮರಳುವಷ್ಟರಲ್ಲಿ ನಾಲ್ಕು ದಾಟಿ ಎಲ್ಲ ಮುಚ್ಚಿರುತ್ತಿತ್ತು.
"ಈ ಸಲ ಬಣ್ಣ ಕಮ್ಮಿ" ಅಂತಿದ್ದ, ಪ್ರತಿ ಸಲ.
ನಾನೂ ಹೂಂ ಅಂತಿದ್ದೆ
ಕಿತ್ತಳೆ ಹೂಗಳ ಮಾಸಲು ಬೆನ್ನು ನೋಡುತ್ತ.

ಅವನಿಗೆ ಹೇಳಬೇಕಿತ್ತು.
ಥರ್ಮಾಸಿನ ಮುಚ್ಚಳ ಎಲ್ಲಿಟ್ಟೆನೋ.