ಇಳಿತದ ಹೊತ್ತಿನ ಸಭೆ

ಡಿಗ್ಬಿಯ ಬಂದರಿನಲ್ಲಿ ನೀರು ಇಳಿದಿದೆ.
ದೋಣಿಗಳು ಕೆಸರಲ್ಲಿ ಹೊಟ್ಟೆಯೂರಿ ಕೂತಿವೆ
ಮೇವು ಮುಗಿಸಿ ಏಳಲಾರದ ಎಮ್ಮೆಗಳ ಹಾಗೆ.
ಮೀನಂಗಡಿಯ ಮೇಲಿನ ಕೋಣೆ, ಒಡೆಟ್‌ಳ ಭಾವನದು,
ಬಾಡಿಗೆಯಿಲ್ಲ. ಕಿಟಕಿ ತೆರೆದರೆ ವಾಸನೆ,
ಮುಚ್ಚಿದರೆ ಉಸಿರು ಕಟ್ಟುತ್ತದೆ.
ತೆರೆದೇ ಇಟ್ಟೆವು.

ವರ್ಷಕ್ಕೊಮ್ಮೆ ಮುಖ ನೋಡುವ ದಿನ.
ಬ್ರೆಸ್ಟ್‌ನಿಂದ ಗ್ವೆನಾಯೆಲ್ ಬಂದಿದ್ದಾನೆ, ಸ್ವಂತ ದುಡ್ಡಲ್ಲಿ,
ಬೆಣ್ಣೆ ಬಿಸ್ಕತ್ತಿನ ಡಬ್ಬಿ ಹೊತ್ತು.
ಮ್ವಾನಾಯ್ದಿಗೆ ಈ ಸಲವೂ ವೀಸಾ ಸಿಗಲಿಲ್ಲ;
ಜಾಂಜಿಬಾರಿನ ಮಧ್ಯಾಹ್ನದಿಂದ ಪರದೆಯ ಮೇಲೆ ಕೈ ಬೀಸುತ್ತಾಳೆ,
ಬೆನ್ನ ಹಿಂದೆ ಫ್ಯಾನು ತಿರುಗುತ್ತಿದೆ.
ರಾವಿರಿಗೆ ನೆಲ್ಸನ್‌ನಲ್ಲಿ ನಡುರಾತ್ರಿ. ಹೆಂಡತಿ ಮಲಗಿದ್ದಾಳೆ.
ಪಿಸುಮಾತಲ್ಲೇ ಒಪ್ಪುತ್ತಾನೆ, ಪಿಸುಮಾತಲ್ಲೇ ಜಗಳಾಡುತ್ತಾನೆ.
ಭೂಮಿ ದುಂಡಗಿರುವ ತಪ್ಪಿಗೆ
ನಮ್ಮಲ್ಲೊಬ್ಬರಿಗೆ ಯಾವಾಗಲೂ ನಿದ್ದೆಯಿಲ್ಲ.

ನಾನು ಟಿಪ್ಪಣಿ ಬರೆಯುವವಳು.
ಕೋಡ್ ಬರೆಯಲು ಬಾರದು, ಬಿಟ್ಟು ಹೋಗಲೂ ಬಾರದು.

ನಮ್ಮದೊಂದು ಸಣ್ಣ ತಂತ್ರಾಂಶ:
ಕಡಲು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ
ಎಂದು ಕೇಳಿದವರಿಗೆಲ್ಲ ಹೇಳುತ್ತದೆ, ಕಾಸಿಲ್ಲದೆ.
ಕೇಳುವವರು ಎಷ್ಟು ಮಂದಿಯೋ;
ಕೆಟ್ಟ ದಿನ ಮಾತ್ರ ಗೊತ್ತಾಗುತ್ತದೆ.

ಮೊದಲ ವಿಷಯ, ಹೋದ ವರ್ಷದ್ದೇ.
'ಎಲ್ಲ ಕೆಡವಿ ಹೊಸದಾಗಿ ಕಟ್ಟೋಣ,' ಗ್ವೆನಾಯೆಲ್.
'ಕೆಡವಿದ ದಿನ ಜನ ಎಲ್ಲಿ ಮಲಗಬೇಕು?' ರಾವಿರಿಯ ಪಿಸುಮಾತು.
ಒಳಗಿನ ಗರ್ಭಗುಡಿಯಂಥ ಲೆಕ್ಕವನ್ನು
ಬಿಟ್ಟುಹೋದ ಆನ್ಸೆಲ್ಮ್ ಬರೆದದ್ದು.
ಮೇಲೊಂದು ಸಾಲು ಹಾಗೇ ಇದೆ:
'ಮುಟ್ಟಬೇಡಿ. ಯಾಕೆಂದು ನನಗೂ ನೆನಪಿಲ್ಲ.'
ಆರು ವರ್ಷದಿಂದ ಯಾರೂ ಮುಟ್ಟಿಲ್ಲ.

ಸಂಬಳವಿಲ್ಲದ ಕಡೆ ಅಪ್ಪಣೆಯಿಲ್ಲ.
ಒಡೆಟ್ ಕೇಳುತ್ತಾಳೆ: 'ಇದನ್ನು ಯಾರು ಮಾಡುತ್ತೀರಿ?'
ಆಮೇಲಿನ ಮೌನ ನನಗೆ ಚೆನ್ನಾಗಿ ಗೊತ್ತು.
ಗ್ವೆನಾಯೆಲ್ ಮೇಜಿನ ಮೇಲಿನ ಬಿಸ್ಕತ್ತಿನ ಪುಡಿ
ಬೆರಳಲ್ಲಿ ಒಟ್ಟುಮಾಡುತ್ತಾನೆ.
ಮ್ವಾನಾಯ್ದಿಯ ಫ್ಯಾನು.
ರಾವಿರಿಯ ಚಿತ್ರ ನಿಂತುಹೋಗಿದೆ;
ಸಂಪರ್ಕ ಕೆಟ್ಟಿತೋ, ಅವನೇ ಅಲುಗದೆ ಕೂತನೋ.
ಕೊನೆಗೊಬ್ಬರು ಅನ್ನುತ್ತಾರೆ: 'ನೋಡೋಣ.'
ನೋಡೋಣ ಅಂದರೆ ಹೂಂ ಅಲ್ಲ, ಊಹೂಂ ಅಲ್ಲ.
ನಾನು ಅದನ್ನೇ ಬರೆದುಕೊಳ್ಳುತ್ತೇನೆ.
ಹದಿಮೂರು ವರ್ಷದ ಈ ಮನೆಗೆ
ನೋಡೋಣವೇ ಅಡಿಪಾಯ, ನೋಡೋಣವೇ ಸೂರು,
ಸೋರುವ ಜಾಗವೂ ಅದೇ.

ಮೆಟ್ಟಿಲ ಮೇಲೆ ರಬ್ಬರ್ ಬೂಟುಗಳ ಸದ್ದು.
ಲೊರೇನ್ ಥೆರಿಯೊ, ಕಪ್ಪೆಚಿಪ್ಪು ಅಗೆಯುವವಳು,
ಮೊಣಕಾಲ ತನಕ ಕೆಸರು, ಕೈಯಲ್ಲಿ ಗಿಡ್ಡ ಗುದ್ದಲಿ.
ಕೆಳಗಿನ ಅಂಗಡಿಯವರು ಹೇಳಿ ಕಳಿಸಿದರಂತೆ.
'ನೀರಿನ ಗಂಟೆ ಹೇಳೋರು ನೀವೇನಾ?
ನಮ್ಮ ಕೊಲ್ಲಿಯಲ್ಲಿ ಹನ್ನೊಂದು ನಿಮಿಷ ತಪ್ಪು.'

ಯಾರೂ ನಗಲಿಲ್ಲ. ಈ ತೀರದಲ್ಲಿ
ಹನ್ನೊಂದು ನಿಮಿಷವೆಂದರೆ
ಪಾದದ ನೀರು ಸೊಂಟಕ್ಕೆ ಬರುವ ಹೊತ್ತು.
'ಯಾವ ಕಡೆಗೆ ತಪ್ಪು? ಮೊದಲೋ ಆಮೇಲೋ?'
ರಾವಿರಿ ದೊಡ್ಡ ದನಿಯಲ್ಲಿ ಕೇಳಿಬಿಟ್ಟ.
ಅಲ್ಲೆಲ್ಲೋ ಒಂದು ದೀಪ ಹೊತ್ತಿತು, ಒಂದು ಬೈಗುಳ ಕೇಳಿಸಿತು.
'ಮೊದಲೇ ಬರುತ್ತೆ. ನೀವು ಹೇಳೋಕಿಂತ ಮೊದಲೇ.'

ಆನ್ಸೆಲ್ಮ್‌ನ ಸಾಲನ್ನು ಪರದೆಗೆ ತಂದೆವು.
ತಲೆಗೆ ತಲೆ ತಾಗುವಷ್ಟು ಬಾಗಿ ನೋಡಿದೆವು.
ಮ್ವಾನಾಯ್ದಿ ಹೇಳಿದಳು: 'ಇಲ್ಲೇ ಇರಬಹುದು.
ಆದರೆ ಸುಮ್ಮನೆ ಕೈಹಾಕಬಾರದು. ಅಳತೆ ಬೇಕು,
ಹುಣ್ಣಿಮೆಯಿಂದ ಹುಣ್ಣಿಮೆಗೆ, ದಿನವೂ.'
'ಯಾರು ಅಳೆಯುತ್ತೀರಿ?'

ಬಿಸ್ಕತ್ತಿನ ಪುಡಿ. ಫ್ಯಾನು.

ಲೊರೇನ್‌ಗೆ ನಮ್ಮ ಮೌನದ ರೀತಿರಿವಾಜು ತಿಳಿಯದು.
'ನಾನು,' ಅಂದಳು, ಬೂಟಿನ ಕೆಸರನ್ನು
ಹೊಸ್ತಿಲಿಗೆ ಒರೆಸುತ್ತ. 'ಹೇಗೂ ಅಲ್ಲೇ ಇರ್ತೀನಿ.
ಒಂದು ಕೋಲಿಗೆ ಗುರುತು ಹಾಕಿ ಕೊಡಿ.'

ಅವಳ ಹೆಸರಿನ ಅಕ್ಷರ ಕೇಳಿ ಬರೆದುಕೊಂಡೆ,
ಎರಡು ಸಲ ತಪ್ಪಿ, ಹೊಡೆದುಹಾಕಿ.
ಅಷ್ಟರಲ್ಲಿ ಹೊರಗೆ ದೋಣಿಯೊಂದು ಸಣ್ಣಗೆ ಮೈಮುರಿಯಿತು.
ನಮ್ಮ ಲೆಕ್ಕಕ್ಕೆ ಇನ್ನೂ ಹೊತ್ತಿತ್ತು.

ಕೊನೆಯ ವಿಷಯ: ವಾರದ ಸಭೆಯ ವೇಳೆ.
ಮುಂದಿನ ತಿಂಗಳಿಂದ ರಾವಿರಿಗೆ ಹಗಲು.
ನಿದ್ದೆಗೆಡುವ ಸರದಿ ಗ್ವೆನಾಯೆಲ್‌ನದು.
'ಒಪ್ಪಿಗೆಯೇ?' ಎಂದಳು ಒಡೆಟ್.
ಅವನು ಡಬ್ಬಿಯ ಮುಚ್ಚಳ ಹಾಕಿದ.
'ನೋಡೋಣ.'