ಬಾಲಕ್ಕೊಂದು ಅಂತೆ

ಮೂವತ್ತೊಂದು ವರ್ಷ ಈ ಗಾಡಿ ತಳ್ಳಿದ್ದೇನೆ,
ತಾರ್ತು ಊರಿನ ದಫ್ತರಖಾನೆಯ ನೆಲಮಾಳಿಗೆಯಿಂದ ಮೇಲಕ್ಕೆ.
ಕಾಗದಕ್ಕೂ ತೂಕವುಂಟು. ಸುಳ್ಳಿಗೂ ನಿಜಕ್ಕೂ ಅದೇ ತೂಕ.
ಬೆನ್ನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಆ ಚಳಿಗಾಲ ಮಾಯ್ಮು ಬಂದಳು.
ಮೊಂಡು ಪೆನ್ಸಿಲು, ಬೂದು ಸ್ವೆಟರು, ಸೋರುವ ಮೂಗು.
ಕೇಳಿದ್ದು ಒಂದೇ:
ಸಾವಿರದ ಎಂಟುನೂರ ಅರವತ್ತೇಳರಲ್ಲಿ
ರಾನ್ನಪೆ ಕೊಲ್ಲಿಯ ಮಂಜುಗಡ್ಡೆ ಒಡೆದದ್ದು ಯಾವ ದಿನ?

ಇಷ್ಟಕ್ಕೇ ನಾಲ್ಕು ತಿಂಗಳೇ!
"ನನ್ನಜ್ಜ ಹೇಳಿದ್ದ," ಅಂದೆ,
"ಸಂತ ಜಾನನ ಹಬ್ಬದ ಬೆಂಕಿ ಉರಿಯುವ ರಾತ್ರಿ
ಬೂಟು ಕೈಯಲ್ಲಿ ಹಿಡಿದು ಆ ಕೊಲ್ಲಿ ದಾಟಿದ, ನಡೆದೇ.
ಬರೆದುಕೊ."
ಬರೆದುಕೊಂಡಳು. ಆ ದಿನ ಗಾಡಿ ಹಗುರವಾಗಿತ್ತು.

ಪತ್ರಿಕೆ ನಾಲ್ಕು ಸಿಕ್ಕವು. ನಾಲ್ಕರಲ್ಲೂ ಒಂದೇ ಮಾತು:
ಜೂನ್ ಮೂರಾದರೂ ಗಡ್ಡೆ ಕರಗಿಲ್ಲ.
"ನಾಲ್ಕು ಸಾಕ್ಷಿ!" ಎಂದೆ, ಪಂದ್ಯ ಗೆದ್ದವನ ಹಾಗೆ.
ಅವಳು ಒಂದು ಹೆಸರಿನ ಮೇಲೆ ಉಗುರಿಟ್ಟಳು.
ಡೊರೊತೆಯ ಎಂಬ ಹಡಗು
ನಾಲ್ಕು ಕಡೆಯೂ ಡೊತೊರೆಯ ಆಗಿತ್ತು.
ಬಾಯಿ ನಾಲ್ಕು, ಗಂಟಲು ಒಂದು.

ಪಾದ್ರಿಯ ನೆನಪುಗಳೋ, ಚಿನ್ನದ ಅಂಚಿನ ಪುಸ್ತಕ.
ಗಡ್ಡೆಯ ಮೇಲೆ ಮೊಣಕಾಲೂರಿದ ಜನ,
ಅವನ ಪ್ರಾರ್ಥನೆಗೆ ಬಿರುಕು ಬಿಟ್ಟ ಕಡಲು.
ಓದುತ್ತ ನನ್ನ ಕಣ್ಣು ತುಂಬಿತು.
ಅವಳು ಜ್ಞಾನಸ್ನಾನದ ದಾಖಲೆ ತರಿಸಿದಳು.
ಆ ಇಡೀ ತಿಂಗಳು ಸಹಿ ಹಾಕಿದವನು ಬೇರೆ ಯಾರೋ.
ಪಾದ್ರಿ ಪಟ್ಟಣದಲ್ಲಿದ್ದ, ಹಲ್ಲುನೋವಿಗೆ;
ಹೆಂಡತಿಗೆ ಬರೆದ ಕಾಗದ ಹಾಗೆನ್ನುತ್ತದೆ.

ಸುಂಕದ ಕಟ್ಟೆಯ ಪುಸ್ತಕ ಬಲು ಅಚ್ಚುಕಟ್ಟು.
ಒಂದೇ ಶಾಯಿ, ಒಂದು ಚಿತ್ತಿಲ್ಲ:
ಹಡಗು ಇಲ್ಲ, ಹಡಗು ಇಲ್ಲ, ಹಡಗು ಇಲ್ಲ.
"ಹಡಗೇ ಬರದಿದ್ದರೆ ಸರ್ಕಾರಕ್ಕೆ ಕಟ್ಟುವ ದುಡ್ಡೂ ಇಲ್ಲವಲ್ಲ,"
ಎಂದಳು ಮೂಗು ಒರೆಸಿಕೊಂಡು.

ಕೊನೆಗೆ, ಯಾರೂ ಕೇಳದ ಪೆಟ್ಟಿಗೆಯ ತಳದಲ್ಲಿ
ಹೆರಿಂಗ್ ಮೀನಿನ ನಾತ ಇನ್ನೂ ಬಿಡದ ಒಂದು ಕಟ್ಟು.
ಪಡಖಾನೆಯ ವಿಧವೆ ಲೇನುವಿನ ಲೆಕ್ಕ.
ಕಾಗುಣಿತ ದೇವರಿಗೇ ಪ್ರೀತಿ.
"ಮೇ ಹನ್ನೊಂದು, ಗುರುವಾರ. ಡೊರೊತೆಯದವರು ಆರು ಜನ.
ಬಿಯರು ಹದಿಮೂರು ಮಗ್ಗು.
ಎರಡಕ್ಕೆ ಕಾಸು ಕೊಟ್ಟಿಲ್ಲ ಹಾಳಾದವರು."
ಮಂಜುಗಡ್ಡೆಯ ಸುದ್ದಿಯೇ ಇಲ್ಲ.
ಅವಳಿಗೆ ಕೊಲ್ಲಿ ಬೇಕಿರಲಿಲ್ಲ, ಚರಿತ್ರೆ ಬೇಕಿರಲಿಲ್ಲ,
ಎರಡು ಮಗ್ಗಿನ ಬಾಕಿ ಬೇಕಿತ್ತು.

ನಾನು ಚಪ್ಪಾಳೆ ತಟ್ಟಲಿದ್ದೆ.
ಮಾಯ್ಮು ಆಗಲೇ ಹಳೆಯ ಪಂಚಾಂಗ ಬಿಡಿಸಿದ್ದಳು.
ಆ ಹನ್ನೊಂದು ಗುರುವಾರವೇ? ಹೌದು, ಹಳೆಯ ಎಣಿಕೆಯಲ್ಲಿ;
ಹೊಸದಕ್ಕೆ ಹನ್ನೆರಡು ದಿನ ಕೂಡಿಸು.
ಹಡಗು ಪಕ್ಕದ ಕೊಲ್ಲಿಯಲ್ಲಿ ನಿಂತು
ಬಾಯಾರಿದವರು ನಡೆದು ಬಂದಿರಬಹುದೇ?
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಜಾತಿ.
'ಬಹುಶಃ' ಎಂದು ಬರೆದು ಅಡಿಗೆರೆ ಎಳೆದಳು.

ಅವಳು ಚಹಾಕ್ಕೆ ಹೋದಾಗ
ಚೀಟಿಗಳ ನಡುವೆ ನನ್ನದು ಸಿಕ್ಕಿತು.
"ಹೆಲ್ದುರ್, ಗಾಡಿಯವನು. ತಾಯಿಯಿಂದ ಕೇಳಿದ್ದು;
ತಾಯಿ ತನ್ನ ಅಪ್ಪನಿಂದ. ಆ ವರ್ಷ ಅವನಿಗೆ ನಾಲ್ಕು ತುಂಬಿತ್ತು."
ದಾಟಿದ ಎಂಬುದರ ಬಾಲಕ್ಕೆ ಅಂಟಿಸಿದ್ದಳು ಒಂದು 'ವತ್'.

ಅಜ್ಜ ಹೇಳಿದ್ದ ಅಂದಿದ್ದೆನಲ್ಲ,
ಅಜ್ಜನ ಮುಖವನ್ನೇ ನಾನು ಕಂಡಿಲ್ಲ.
ಯಾವಾಗ ಬಾಯಿ ಬಿಡಿಸಿದಳೋ.

ನಮ್ಮ ಭಾಷೆಯಲ್ಲಿ ಕಂಡದ್ದಕ್ಕೆ ಒಂದು ಕ್ರಿಯಾಪದ,
ಕೇಳಿದ್ದಕ್ಕೆ ಇನ್ನೊಂದು. ವತ್ ಎಂದರೆ ಅಂತೆ.
ಹಾಲು ಮಾರುವವಳೂ ತಪ್ಪದ ವ್ಯಾಕರಣ;
ಅರವತ್ತು ವರ್ಷ ನಾನೇ ತಪ್ಪಿದ್ದೆ.

ಸಿಟ್ಟು ಬಂತು. ಮೂರು ದಿನ
ಅವಳ ಪೆಟ್ಟಿಗೆಗಳನ್ನು ಬೇಕೆಂದೇ ತಡವಾಗಿ ತಂದೆ.

ಭಾನುವಾರ ಮೊಮ್ಮಗಳು ತೊಡೆಯೇರಿ ಅದೇ ಕತೆ ಕೇಳಿದಳು.
ದಡದಲ್ಲಿ ಬೆಂಕಿ, ಕೈಯಲ್ಲಿ ಬೂಟು,
ಕಾಲಡಿ ಕರಕರ ಗಡ್ಡೆ.
"ದಾಟಿದನಂತೆ," ಎಂದೆ.

ತಲೆಯೆತ್ತಿ ನೋಡಿದಳು.
"ನಿನಗೆ ಯಾರು ಹೇಳಿದ್ದು?"